ಮಳೆನಾಡಿನಲ್ಲಿ ಕೋವಿಯ ನಳಿಗೆ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಮಳೆ ಹಿಂದೆ ಸರಿಯುವ ಹೊತ್ತಿಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ದೇಲಂಪಾಡಿ, ಎಲ್ಲಿಂದ ಬಂದರೂ ಮಾತು ಅದೇ. "ಕೋವಿಯ ನಳಿಗೆಯೊಳಗೆ ಕೆಂಪಾಗಿದೆ, ಏನು ಹಾಕಿ ಉಜ್ಜಲಿ?" ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಒಂದು ಲೆಕ್ಕ ನೋಡಿ. ತೋಟದ ರಕ್ಷಣೆಗೆ ಲೈಸನ್ಸ್ ಇರುವ ನಮ್ಮ ಕೋವಿಗಳಲ್ಲಿ ವರ್ಷಕ್ಕೆ ಎಷ್ಟು ಈಡು ಹಾರುತ್ತದೆ? ಬೆರಳೆಣಿಕೆ. ಉಳಿದ ದಿನವೆಲ್ಲ ಕೋವಿ ಗೋಡೆಯಲ್ಲೋ ಕಪಾಟಿನಲ್ಲೋ ಸುಮ್ನೆ ಇರುತ್ತದೆ. ನಳಿಗೆ ಕೆಡುವುದು ಆ ಸುಮ್ನೆ ಇರುವ ದಿನಗಳಲ್ಲೇ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ ಊರು ನಮ್ಮದು. ಆಷಾಢದಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಕಬ್ಬಿಣ ಬಿಟ್ಟೀತೇ? ಹಾಗಾಗಿ ಈ ಲೇಖನದಲ್ಲಿ ಉಜ್ಜುವುದಕ್ಕಿಂತ ಇಡುವ ಕ್ರಮದ ಬಗ್ಗೆಯೇ ಜಾಸ್ತಿ ಇದೆ.

ಕಾನೂನಿನ ಮಾತು ಎರಡೇ ಸಾಲಿನಲ್ಲಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ತೋಟ ಹಾಳುಮಾಡುವ ಕಾಡುಹಂದಿಯನ್ನು ಹೊಡೆಯಲು ಆದೇಶ ಕೊಡುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೂ ಕೊಟ್ಟಿತು. ಆ ಆದೇಶ ಇಲ್ಲದೆ ಲೈಸನ್ಸ್ ಇದ್ದವರೂ ಹೊಡೆಯುವಂತಿಲ್ಲ. ಇನ್ನೊಂದು, ಲೈಸನ್ಸ್ ಇಲ್ಲದವರ ಕೈಗೆ "ಸ್ವಲ್ಪ ಉಜ್ಜಿ ಕೊಡು ಮಾರಾಯಾ" ಎಂದು ಕೋವಿ ಕೊಟ್ಟು ಹೋಗಬೇಡಿ. ಕೆಲಸ ನೀವೇ ಮಾಡಿ. ಕಷ್ಟ ಏನೂ ಇಲ್ಲ, ಒಂದು ಗಂಟೆ ಸಾಕು.

ನಿಮ್ಮದು ಯಾವ ಕೋವಿ?

ಇದು ಗೊತ್ತಿಲ್ಲದೆ ಎಣ್ಣೆ ಡಬ್ಬಿ ಮುಚ್ಚಳ ತೆಗೆಯಬೇಡಿ. ನಮ್ಮ ಕಡೆ ಸಿಗುವುದು ಹೆಚ್ಚಾಗಿ ಮೂರು ಬಗೆ.

ತೋಟೆ ಕೋವಿ ಎಂದರೆ ನಡುವೆ ಮಡಚಿ, ಹಿಂದಿನಿಂದ ತೋಟೆ, ಅಂದರೆ ಕಾಡತೂಸು ತುಂಬುವ ಕೋವಿ. ಒಂಟಿ ನಳಿಗೆಯದ್ದೂ ಇದೆ, ಜೋಡಿ ನಳಿಗೆಯದ್ದೂ ಇದೆ. ಹೆಚ್ಚಿನವು 12 ಬೋರ್. ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಿದರೆ ಒಂದೊಂದು ಗುಂಡಿನ ದಪ್ಪ ಎಷ್ಟೋ, ನಳಿಗೆಯ ತೂತು ಅಷ್ಟು, ಸುಮಾರು 18.5 ಮಿಲಿಮೀಟರ್. ಒಳಗೆ ನುಣ್ಣಗಿರುತ್ತದೆ.

ರೈಫಲ್‌ನಲ್ಲಿ ನಳಿಗೆಯೊಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ತಿರುಗುತ್ತಾ ನೇರ ಹೋಗುವುದು ಆ ಗೀರಿನಿಂದ. ನಮ್ಮ ದೇಶದ ಆರ್ಡ್‌ನೆನ್ಸ್ ಫ್ಯಾಕ್ಟರಿಯ .315 ರೈಫಲ್ ಇದಕ್ಕೆ ಉದಾಹರಣೆ.

ಕೇಪಿನ ಕೋವಿ ಅಜ್ಜಂದಿರ ಕಾಲದ್ದು. ಬಾಯಿಯ ಕಡೆಯಿಂದ ಕರಿಮದ್ದು, ಚರೆ (ಸೀಸದ ಸಣ್ಣ ಗುಂಡು) ತುಂಬಿ ಗಜದಲ್ಲಿ ಜಡಿಯುವುದು. ಕೇಪು ಎಂದರೆ ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಲೋಹದ ಟೋಪಿ. ಇದನ್ನು ತೊಳೆಯುವ ಕ್ರಮವೇ ಬೇರೆ, ಕೊನೆಯ ಕಡೆಗೆ ಹೇಳುತ್ತೇನೆ.

ಬೇಕಾದ ಸಾಮಾನು

ಗಜ, ಅಂದರೆ ನಳಿಗೆಯೊಳಗೆ ಹಾಕುವ ಉದ್ದ ಕೋಲು. ಮೇಲೆ ಪ್ಲಾಸ್ಟಿಕ್ ಲೇಪ ಇರುವ ಒಂದೇ ತುಂಡಿನ ಉಕ್ಕಿನ ಗಜ ಒಳ್ಳೆಯದು. ತೋಟೆ ಕೋವಿಗೆ ಮರದ್ದೂ ಆಗುತ್ತದೆ. ಮೂರು ತುಂಡು ಜೋಡಿಸುವ ಅಲ್ಯುಮಿನಿಯಂ ಗಜ ಮೆತ್ತಗಿರುತ್ತದೆ, ಅದರ ಮೈಯಲ್ಲಿ ಮರಳಿನ ಕಣ ಕಚ್ಚಿ ಕೂರುತ್ತದೆ. ರೈಫಲಿಗೆ ಅದು ಬೇಡವೇ ಬೇಡ.

ನಿಮ್ಮ ಬೋರಿನ ಅಳತೆಯ ಕಂಚಿನ ತಂತಿಯ ಬ್ರಷ್ ಬೇಕು. ಕಂಚು ಉಕ್ಕಿಗಿಂತ ಮೆತ್ತಗೆ, ಹಾಗಾಗಿ ಕೊಳೆ ಕೀಳುತ್ತದೆ, ನಳಿಗೆ ಗೀರುವುದಿಲ್ಲ. ಉಕ್ಕಿನ ತಂತಿ ಬ್ರಷ್ ಹಾಕಬೇಡಿ.

ಬಿಳಿ ಹತ್ತಿ ಬಟ್ಟೆಯ ತುಂಡುಗಳು, ಹಳೆ ಪಂಚೆ ಅಥವಾ ಬನಿಯನ್. ಬಿಳಿಯೇ ಯಾಕೆಂದರೆ ಕೊಳೆಯ ಬಣ್ಣ ನೋಡಿಯೇ ಮುಂದಿನ ಹೆಜ್ಜೆ ತೀರ್ಮಾನಿಸಬೇಕು. ಕರಿ ಬಟ್ಟೆಯಲ್ಲಿ ಏನು ಕಾಣುತ್ತದೆ?

ಸಾಲ್ವೆಂಟ್, ಅಂದರೆ ಮದ್ದಿನ ಮಸಿ ಕರಗಿಸುವ ದ್ರವ. ಮತ್ತೆ ಕೋವಿಗೆಂದೇ ಮಾಡಿದ ಎಣ್ಣೆ. ಇವೆರಡೂ ತೋಟೆ ಮಾರುವ ಅಂಗಡಿಯಲ್ಲಿ ಸಿಗುತ್ತವೆ. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಮೆಷಿನ್ನಿನ ಎಣ್ಣೆ ತಾತ್ಕಾಲಿಕಕ್ಕೆ ಆದೀತು. ಆದರೆ ಅದು ತೆಳು, ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಮತ್ತೆ ಒರೆಸಬೇಕು.

ತೆಂಗಿನೆಣ್ಣೆ ಯಾಕೆ ಬೇಡ?

ಎಲ್ಲರೂ ಕೇಳುವುದು ಇದನ್ನೇ. ಮನೆಯಲ್ಲೇ ಇದೆ, ಗಾಣದಿಂದ ತಂದ ಶುದ್ಧ ಎಣ್ಣೆ, ಕತ್ತಿಗೆ ಹಚ್ಚುತ್ತೇವೆ, ಕೋವಿಗೆ ಯಾಕಾಗದು?

ಕತ್ತಿಯನ್ನು ದಿನಾ ಮಸೆಯುತ್ತೀರಿ, ದಿನಾ ಬಳಸುತ್ತೀರಿ. ನಳಿಗೆಯೊಳಗೆ ಹಚ್ಚಿದ ಎಣ್ಣೆ ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ. ತೆಂಗಿನೆಣ್ಣೆ ಹಳತಾದರೆ ಕಮಟು ವಾಸನೆ ಬರುತ್ತದಲ್ಲ, ಆಗ ಅದರಲ್ಲಿ ಹುಳಿ ಅಂಶ ಬಿಟ್ಟುಕೊಂಡಿದೆ ಎಂದರ್ಥ. ಆ ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಜೊತೆಗೆ ಅಂಟಾಗಿ ಧೂಳು ಹಿಡಿಯುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನು ತಿಂಗಳ ಬೆಳಿಗ್ಗೆ ಬಾಟ್ಲಿಯಲ್ಲಿ ಗಟ್ಟಿಯಾಗುವುದನ್ನು ನೀವೇ ನೋಡಿದ್ದೀರಿ, ಅಲ್ವಾ? ಕೋವಿಯ ಕೀಲಿನಲ್ಲೂ ಹಾಗೇ ಆಗುತ್ತದೆ.

ಸೀಮೆಎಣ್ಣೆ ಕೊಳೆ ಬಿಡಿಸಲು ಪರವಾಗಿಲ್ಲ. ಆದರೆ ಆರಿದ ಮೇಲೆ ಕಾಪಾಡುವ ಪದರ ಏನೂ ಉಳಿಯುವುದಿಲ್ಲ. ಬೈಕಿನಿಂದ ಇಳಿಸಿದ ಕರಿ ಆಯಿಲ್‌ನಲ್ಲಿ ಮಸಿ, ಆಸಿಡ್, ಲೋಹದ ಹುಡಿ ಎಲ್ಲ ಇರುತ್ತದೆ, ಹತ್ತಿರ ತರಬೇಡಿ. ಡಬ್ಲ್ಯುಡಿ-40 ಸ್ಪ್ರೇ ನೀರು ಓಡಿಸಲು ಬಹಳ ಒಳ್ಳೆಯದು, ಅದರ ಹೆಸರಿನ ಅರ್ಥವೇ ಅದು. ನೆನೆದ ಕೋವಿಗೆ ಮೊದಲು ಅದನ್ನು ಹೊಡೆಯಬಹುದು. ಮಳೆಗಾಲ ಪೂರ್ತಿ ಕಾಯುವ ಶಕ್ತಿ ಅದಕ್ಕಿಲ್ಲ, ಒರೆಸಿ ಮೇಲೆ ಎಣ್ಣೆ ಹಾಕಲೇಬೇಕು.

ಕೆಲಸದ ಕ್ರಮ

1. ಖಾಲಿ ಇದೆಯೇ ನೋಡಿ. ಕೋವಿ ಮಡಚಿ, ತೋಟೆ ಕೂರುವ ಜಾಗವನ್ನು ಕಣ್ಣಲ್ಲಿ ನೋಡಿ. ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ರೈಫಲಾದರೆ ಮ್ಯಾಗಜಿನ್ (ತೋಟೆಗಳ ಪೆಟ್ಟಿಗೆ) ಖಾಲಿ ಮಾಡಿ, ಬೋಲ್ಟ್ (ನಳಿಗೆಯ ಹಿಂಭಾಗ ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗ) ಹೊರಗೆ ತೆಗೆಯಿರಿ. ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ನಿನ್ನೆ ರಾತ್ರಿ ನಾನೇ ಖಾಲಿ ಮಾಡಿದ್ದೆ ಎನ್ನುವ ನೆನಪನ್ನು ನಂಬಬೇಡಿ. ಕೇಪಿನ ಕೋವಿಯಲ್ಲಿ ಒಳಗೆ ಈಡು ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಗಜವನ್ನು ಒಳಗೆ ಮೆಲ್ಲನೆ ಇಳಿಸಿ, ಬಾಯಿಯ ಹತ್ತಿರ ಗುರುತು ಹಾಕಿ, ಹೊರಗೆ ನಳಿಗೆಯ ಪಕ್ಕ ಹಿಡಿದು ಅಳೆಯಿರಿ. ಬುಡದವರೆಗೆ ಹೋಗಿಲ್ಲವೆಂದರೆ ಒಳಗೆ ಏನೋ ಇದೆ. ಅಲ್ಲಿಗೆ ನಿಲ್ಲಿಸಿ, ಲೈಸನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ಯಿರಿ.

2. ನಳಿಗೆ ಬಿಡಿಸಿ. ತೋಟೆ ಕೋವಿಯಲ್ಲಿ ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರದ ತುಂಡು ಇದೆಯಲ್ಲ, ಅದನ್ನು ಮೊದಲು ಕಳಚಿ. ಆಮೇಲೆ ಕೋವಿ ಮಡಚಿದರೆ ನಳಿಗೆ ಕೊಕ್ಕೆಯಿಂದ ಎದ್ದು ಬರುತ್ತದೆ. ಬಲ ಹಾಕುವ ಅಗತ್ಯ ಇಲ್ಲ. ಬರದಿದ್ದರೆ ಸುತ್ತಿಗೆ ತರಬೇಡಿ, ಕೀಲಿಗೆ ಎಣ್ಣೆ ಹಾಕಿ ಒಂದು ದಿನ ಬಿಡಿ. ಒಳಗಿನ ಸ್ಪ್ರಿಂಗ್, ಟ್ರಿಗರ್ ಇರುವ ಭಾಗದ ಸ್ಕ್ರೂ ಬಿಚ್ಚಲು ಹೋಗಬೇಡಿ.

3. ಬೆಳಕಿಗೆ ಹಿಡಿದು ನೋಡಿ. ಬಿಡಿಸಿದ ನಳಿಗೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು ಬುಡದ ಕಡೆಯಿಂದ ನೋಡಿ. ಒಳಗೆ ಬೆಳಕಿನ ಉಂಗುರಗಳು ಸಾಲಾಗಿ, ಸಮವಾಗಿ ಕಾಣಬೇಕು. ಒಂದು ಕಡೆ ಉಂಗುರ ಮುರಿದು ಕಪ್ಪು ನೆರಳು ಬಿದ್ದಿದ್ದರೆ ಅಲ್ಲಿ ತಗ್ಗು ಅಥವಾ ಉಬ್ಬು ಇದೆ. ಅಂಥ ನಳಿಗೆಯಲ್ಲಿ ಹೊಡೆಯಬೇಡಿ.

ಬೆಳಕೇ ಕಾಣದಿದ್ದರೆ? ನಮ್ಮ ನೆರೆಮನೆಯ ಒಂಟಿ ನಳಿಗೆಯಲ್ಲಿ ಒಮ್ಮೆ ಹೀಗಾಗಿತ್ತು. ಗಜ ಹಾಕಿ ತಳ್ಳಿದಾಗ ಬೆರಳಷ್ಟು ಉದ್ದದ ಕೆಂಪು ಮಣ್ಣಿನ ಕೊಳವೆ ಪುಡಿಪುಡಿಯಾಗಿ ಬಿತ್ತು. ಅದರೊಳಗೆ ನಾಲ್ಕೈದು ಒಣಗಿದ ಜೇಡ. ಮಣ್ಣಿನ ಗೂಡು ಕಟ್ಟುವ ಕಣಜದ ಕೆಲಸ. ಬೇಸಗೆಯಲ್ಲಿ ಬಾಗಿಲ ಚಿಲಕದ ತೂತನ್ನೂ ಬಿಡದ ಹುಳ ಅದು, ನಳಿಗೆಯ ಬಾಯಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆ ಮಣ್ಣು ಇದ್ದ ಹಾಗೇ ಈಡು ಹಾರಿಸಿದ್ದರೆ ನಳಿಗೆ ಒಡೆದು ಕೈಯೇ ಹೋಗುತ್ತಿತ್ತು. ಈ ಒಂದು ನೋಟವನ್ನು ಯಾವತ್ತೂ ಬಿಡಬೇಡಿ, ಉಜ್ಜುವ ದಿನವೂ, ತೋಟಕ್ಕೆ ಹೊರಡುವ ರಾತ್ರಿಯೂ.

4. ಮೊದಲು ಒದ್ದೆ ಬಟ್ಟೆ. ಬಟ್ಟೆ ತುಂಡಿಗೆ ಸಾಲ್ವೆಂಟ್ ಹಚ್ಚಿ ಬುಡದಿಂದ ಬಾಯಿಯ ಕಡೆಗೆ ತಳ್ಳಿ. ಬಾಯಿಯಲ್ಲಿ ಹೊರಬಂದ ಬಟ್ಟೆ ತೆಗೆದು, ಬರಿ ಗಜ ಹಿಂದೆ ಎಳೆಯಿರಿ. ಕೊಳೆ ಬಟ್ಟೆಯನ್ನು ಮತ್ತೆ ಒಳಗೆ ಎಳೆದರೆ ಏನು ಪ್ರಯೋಜನ? ಎರಡು ಮೂರು ತುಂಡು ಹೀಗೆ ಮಾಡಿ, ಹತ್ತು ನಿಮಿಷ ನೆನೆಯಲು ಬಿಡಿ. ಹೆಚ್ಚಿನವರು ಕಾಯದೆ ಬ್ರಷ್ ಹಿಡಿಯುತ್ತಾರೆ. ಆ ಹತ್ತು ನಿಮಿಷ ಅರ್ಧ ಕೆಲಸ ಮಾಡುತ್ತದೆ.

5. ಬ್ರಷ್. ಹತ್ತರಿಂದ ಹದಿನೈದು ಸಲ. ಬ್ರಷ್ ಬಾಯಿಯಿಂದ ಪೂರ್ತಿ ಹೊರಗೆ ಬಂದ ಮೇಲೆಯೇ ಹಿಂದಕ್ಕೆ ಎಳೆಯಬೇಕು. ನಡುವೆ ತಿರುಗಿಸಿದರೆ ತಂತಿ ಮಡಚುತ್ತದೆ, ಬ್ರಷ್ ಸಿಕ್ಕಿಕೊಳ್ಳುತ್ತದೆ. ತೋಟೆ ಕೂರುವ ಜಾಗ ಮುಗಿದು ನಳಿಗೆ ಕಿರಿದಾಗುವ ಒಂದು ಇಳಿಜಾರು ಇದೆ. ಚರೆಯ ಸೀಸ, ತೋಟೆಯ ಪ್ಲಾಸ್ಟಿಕ್ ಎಲ್ಲ ಅಲ್ಲೇ ಹತ್ತಿಕೊಳ್ಳುವುದು. ಬಾಯಿಯ ಹತ್ತಿರ ಕಿರಿದಾದ ಜಾಗ, ಅಂದರೆ ಚೋಕ್ ಇದ್ದರೆ ಅಲ್ಲೂ ಹಾಗೇ. ಈ ಎರಡು ಕಡೆ ಜಾಸ್ತಿ ಉಜ್ಜಿ. ಬೂದಿ ಬಣ್ಣದ ತೆಳು ಹಾಳೆಯಂಥ ಚೂರು ಬಂದರೆ ಅದು ಸೀಸ.

6. ಒಣ ಬಟ್ಟೆ. ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ. ಕಪ್ಪು ಬಂದರೆ ಮದ್ದಿನ ಮಸಿ, 4ನೇ ಹೆಜ್ಜೆಗೆ ಹೋಗಿ. ಕೆಂಪು ಅಥವಾ ಕಿತ್ತಳೆ ಬಂದರೆ ತುಕ್ಕು, ಅದರ ವಿಷಯ ಕೆಳಗಿದೆ.

7. ಎಣ್ಣೆ. ನಾಲ್ಕೈದು ಹನಿ ಹಾಕಿದ ಬಟ್ಟೆ ಒಂದು ಸಲ ಒಳಗೆ, ಇನ್ನೊಂದು ತುಂಡಿನಿಂದ ಹೊರಗೆ. ಬೆರಳಿಟ್ಟರೆ ಗುರುತು ಬೀಳುವಷ್ಟು ಪದರ ಸಾಕು. ಸುರಿಯಬೇಡಿ. ಜಾಸ್ತಿ ಎಣ್ಣೆ ಹಾಕಿ ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ಎಲ್ಲ ಇಳಿದು ಮರಕ್ಕೆ ಹೋಗುತ್ತದೆ. ಎಣ್ಣೆ ಕುಡಿದ ಮರ ಮೆತ್ತಗಾಗಿ ಕೀಲಿನ ಹತ್ತಿರ ಸೀಳು ಬಿಡುತ್ತದೆ. ಎಣ್ಣೆ ಹಾಕಿದ ರಾತ್ರಿ ಬಾಯಿ ಕೆಳಗೆ ಮಾಡಿ, ರಟ್ಟಿನ ಮೇಲೆ ನಿಲ್ಲಿಸಿಡಿ. ಮಡಚುವ ಕೀಲಿಗೆ ಸಾಸಿವೆ ಕಾಳಿನಷ್ಟು ಗ್ರೀಸ್.

ರೈಫಲಿಗೆ ಬೇರೆ ಎಚ್ಚರ

ರೈಫಲ್ ನಳಿಗೆಯ ಬಾಯಿಯ ಅಂಚು ಬಹಳ ಸೂಕ್ಷ್ಮ. ಗುಂಡು ಕೊನೆಯದಾಗಿ ಮುಟ್ಟಿ ಹೋಗುವುದು ಅದನ್ನು. ಅಲ್ಲಿ ಒಂದು ಬದಿ ಸವೆದರೆ ಹಿಂದಿನ ಗಾಳಿ ಆ ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಸವೆಯುವುದು ಯಾವುದರಿಂದ? ಹೆಚ್ಚಾಗಿ ಗಜದಿಂದ. ಬಾಯಿಯ ಕಡೆಯಿಂದ ಗಜ ತುರುಕಿ ಆಚೀಚೆ ಆಡಿಸುವುದರಿಂದ. ಬೋಲ್ಟ್ ತೆಗೆದು ಹಿಂದಿನಿಂದಲೇ ಹಾಕಿ. ಹಿಡಿ ತಿರುಗುವಂಥ ಗಜ ತೆಗೆದುಕೊಳ್ಳಿ, ಗೀರಿನ ಸುರುಳಿಗೆ ಸರಿಯಾಗಿ ಅದೂ ತಿರುಗುತ್ತಾ ಹೋಗಬೇಕು. ಹಿಂದಿನಿಂದ ಗಜ ನೇರ ಹಾಕಲು ಆಗದ ರೈಫಲಾದರೆ ಗಜ ಬಿಟ್ಟು ಹುರಿ ಬಳಸಿ. ಒಂದು ತುದಿಗೆ ಭಾರ, ಇನ್ನೊಂದು ತುದಿಗೆ ಬಟ್ಟೆ. ಭಾರವನ್ನು ತೋಟೆ ಕೂರುವ ಕಡೆಯಿಂದ ಇಳಿಸಿ, ಬಾಯಿಯಲ್ಲಿ ಹಿಡಿದು ನೇರಕ್ಕೆ ಎಳೆಯುವುದು.

ರೈಫಲ್ ಗುಂಡಿನ ಹೊರಗೆ ತಾಮ್ರದ ಹೊದಿಕೆ ಇದ್ದರೆ ಗೀರಿನಲ್ಲಿ ತಾಮ್ರ ಕೂರುತ್ತದೆ. ಅದಕ್ಕೆ ಅಮೋನಿಯ ಇರುವ ಸಾಲ್ವೆಂಟ್ ಬರುತ್ತದೆ. ತಾಮ್ರ ಕರಗಿದರೆ ಬಟ್ಟೆ ನೀಲಿ ಹಸಿರಾಗಿ ಬರುತ್ತದೆ. ಇಲ್ಲಿ ಮೋಸ ಹೋಗುವವರು ಜಾಸ್ತಿ. ಕಂಚಿನ ಬ್ರಷ್‌ನಲ್ಲೂ ತಾಮ್ರವೇ ಇರುವುದು! ಬ್ರಷ್ ಕರಗಿ ಬಂದ ನೀಲಿಯನ್ನು ನಳಿಗೆಯದ್ದೆಂದು ತಿಳಿದು ಸಂಜೆಯವರೆಗೆ ಉಜ್ಜುತ್ತಾರೆ. ಈ ಸಾಲ್ವೆಂಟ್ ಹಾಕುವಾಗ ನೈಲಾನ್ ಬ್ರಷ್ ಬಳಸಿ. ಬಾಟ್ಲಿಯಲ್ಲಿ ಬರೆದ ಹೊತ್ತಿಗಿಂತ ಜಾಸ್ತಿ ನೆನೆಸಬೇಡಿ, ಜಗಲಿಯಲ್ಲಿ ಗಾಳಿಗೆ ಕೂತು ಮಾಡಿ.

ಕೇಪಿನ ಕೋವಿಗೆ ನೀರು

ಹೌದು, ನೀರು. ಕರಿಮದ್ದು ಉರಿದು ಉಳಿಯುವ ಬೂದಿಯಲ್ಲಿ ಪೊಟ್ಯಾಷಿಯಂ ಲವಣಗಳಿವೆ. ಅವು ಗಾಳಿಯ ತೇವ ಹೀರುತ್ತವೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವ ಹಾಗೇ. ಅದರ ಮೇಲೆ ಎಣ್ಣೆ ಹಚ್ಚಿದರೆ ಎಣ್ಣೆಯಡಿ ತುಕ್ಕು ಬೆಳೆಯುತ್ತದೆ. ಲವಣ ಕರಗುವುದು ನೀರಿನಲ್ಲಿ. ಬಿಸಿನೀರಿಗೆ ಸ್ವಲ್ಪ ಸೋಪು ಹಾಕಿ, ಬಟ್ಟೆ ಸುತ್ತಿದ ಗಜದಿಂದ ತೊಳೆಯಿರಿ. ನೀರು ತಿಳಿಯಾಗಿ ಬರುವವರೆಗೆ. ಕೊನೆಯ ನೀರು ಕೈ ಸುಡುವಷ್ಟು ಬಿಸಿ ಇರಲಿ, ನಳಿಗೆ ಕಾದು ತಾನೇ ಒಣಗುತ್ತದೆ. ಕೇಪು ಕೂರುವ ಮೊಳೆಯ ತೂತನ್ನು ಮರೆಯಬೇಡಿ. ಬೆಚ್ಚಗಿರುವಾಗಲೇ ಎಣ್ಣೆ. ಹೊಡೆದ ದಿನವೇ ಆಗಬೇಕು ಇದು. ನಾಳೆಗೆ ಇಟ್ಟರೆ ತುಕ್ಕು ಶುರುವಾಗಿರುತ್ತದೆ.

ಹಳೆಯ ಕೆಲವು ನಳಿಗೆಗಳ ಮೈಯಲ್ಲಿ ನೀರಲೆಯಂಥ, ಸುರುಳಿ ಸುರುಳಿ ಚಿತ್ತಾರ ಕಾಣುತ್ತದೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಹೆಣೆದು ಬೆಸೆದ ಡಮಾಸ್ಕಸ್ ನಳಿಗೆ ಅದು. ತುಕ್ಕೆಂದು ಉಜ್ಜಿ ತೆಗೆಯಬೇಡಿ. ಈಗಿನ ತೋಟೆಯ ಒತ್ತಡವನ್ನು ಅದು ತಡೆಯುವುದಿಲ್ಲ, ಹಾಗಾಗಿ ಕಾಪಾಡಿ ಇಡಿ, ಹೊಡೆಯಬೇಡಿ.

ತುಕ್ಕು ಬಂದೇ ಬಿಟ್ಟಿದ್ದರೆ

ಕಿತ್ತಳೆ ಹುಡಿಯಂತಿದ್ದರೆ ಭಯ ಬೇಡ. ಒಳಗೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಕಂಚಿನ ಬ್ರಷ್ ಹಾಕಿ, ಒರೆಸಿ. ಹೊರಗಿನ ಮೈಗೆ ಎಣ್ಣೆಯಲ್ಲಿ ಅದ್ದಿದ ಒರಟು ಬಟ್ಟೆ ಸಾಕು. ಉಜ್ಜಿದ ಮೇಲೆ ಒಳಗೆ ಸಣ್ಣ ಕಪ್ಪು ಗುಳಿಗಳು ಕಂಡರೆ ತುಕ್ಕು ಉಕ್ಕನ್ನು ತಿಂದಾಗಿದೆ. ಗುಳಿ ಮುಚ್ಚುವ ಔಷಧ ಇಲ್ಲ. ಎಷ್ಟು ಆಳ ಇದೆ, ಹೊಡೆಯಬಹುದೋ ಬಾರದೋ ಎಂದು ರಿಪೇರಿಯವರೇ ನೋಡಿ ಹೇಳಬೇಕು.

ಹೊಯಿಗೆ ಕಾಗದ, ಬೂದಿ, ಹುಣಸೆಹುಳಿ, ಬಿಂಬುಳಿ ಯಾವುದೂ ಬೇಡ. ಹಿತ್ತಾಳೆ ದೀಪಕ್ಕೆ ಬಿಂಬುಳಿ ಚೆನ್ನ, ಸರಿ. ಕೋವಿಗೆ ಹಚ್ಚಿದರೆ ತುಕ್ಕಿನ ಜೊತೆ ನಳಿಗೆಯ ನೀಲಿಗಪ್ಪು ಬಣ್ಣವೂ ಎದ್ದು ಹೋಗುತ್ತದೆ. ಆ ಬಣ್ಣ ಚಂದಕ್ಕೆ ಮಾತ್ರ ಇರುವುದಲ್ಲ, ತುಕ್ಕು ತಡೆಯುವ ಪದರವೂ ಹೌದು. ಇನ್ನು ಬಾಯಿಯ ಅಂಚು ಹಾಳಾಗಿದೆ ಎಂದು ಗರಗಸ ಹಿಡಿದರೆ ಕೇಸ್ ಆಗುತ್ತದೆ. ಅನುಮತಿ ಇಲ್ಲದೆ ನಳಿಗೆ ತುಂಡು ಮಾಡುವುದು 1959ರ ಆಯುಧ ಕಾಯ್ದೆಯಡಿ ಅಪರಾಧ.

ಎಲ್ಲಿ, ಹೇಗೆ ಇಡುವುದು

ನನ್ನ ಮಟ್ಟಿಗೆ ಇದೇ ಮುಖ್ಯ ಭಾಗ. ಅಡಿಕೆ ತೋಟದ ಮನೆಯಲ್ಲಿ ಕಬ್ಬಿಣದ ಶತ್ರುಗಳು ಒಂದೆರಡಲ್ಲ.

ಮೈಲುತುತ್ತು ನೋಡಿ. ಅದನ್ನು ಸುಣ್ಣದ ಜೊತೆ ಸೇರಿಸಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸುವಾಗ ಕತ್ತಿ ಅದ್ದಿ ನೋಡುತ್ತೇವೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಲೆಕ್ಕ. ಕತ್ತಿಗೆ ಆದದ್ದೇ ನಳಿಗೆಗೂ ಆಗುವುದು. ಆ ದ್ರಾವಣ ಸಿಂಪಡಿಸಿ ಬಂದ ಕೈಯಲ್ಲಿ, ಅದೇ ಅಂಗಿಯಲ್ಲಿ ಕೋವಿ ಮುಟ್ಟಬೇಡಿ. ಮೈಲುತುತ್ತು, ರಸಗೊಬ್ಬರದ ಚೀಲ ಇರುವ ಕೊಟ್ಟಿಗೆಯಲ್ಲಿ ಇಡಬೇಡಿ. ರಬ್ಬರ್ ಇರುವವರ ಮನೆಯಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ಕ್ಯಾನ್ ಇರುತ್ತದೆ. ಮುಚ್ಚಳ ಸ್ವಲ್ಪ ಸಡಿಲವಾಗಿದ್ದರೂ ಅದರ ಆವಿ ಇಡೀ ಕೋಣೆಯ ಕಬ್ಬಿಣ ಕೆಂಪು ಮಾಡುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯಲ್ಲೂ ಹುಳಿ ಇದೆ.

ಚರ್ಮದ ಅಥವಾ ದಪ್ಪ ಬಟ್ಟೆಯ ಚೀಲ ಒಯ್ಯಲು ಮಾತ್ರ. ಅದರೊಳಗೇ ಬಿಟ್ಟರೆ ತೇವ ಹಿಡಿದಿಟ್ಟು ತಿಂಗಳಲ್ಲಿ ತುಕ್ಕು ಬರಿಸುತ್ತದೆ. ಪ್ಲಾಸ್ಟಿಕ್ ಸುತ್ತಿದರೂ ಒಳಗೆ ಬೆವರು ಕೂರುತ್ತದೆ. ಬೀಗ ಹಾಕುವ ಕಪಾಟು, ಹೊರಗೋಡೆಗೆ ತಾಗದ ಕಡೆ, ನೆಲದಿಂದ ಎತ್ತರದಲ್ಲಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾದರೆ ಅದು ತೇವ ಕುಡಿದು ತುಂಬಿದೆ ಎಂದರ್ಥ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ನಳಿಗೆಯ ಬಾಯಿಗೆ ಬಟ್ಟೆ ತುರುಕಿ ಇಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ತೇವ ಒಳಗೆ ನಿಲ್ಲುತ್ತದೆ, ತೆಗೆಯಲು ಮರೆತರೆ ಪ್ರಾಣಕ್ಕೇ ಅಪಾಯ. ತೋಟೆಗಳಿಗೆ ಎಣ್ಣೆ ಹಚ್ಚಬೇಡಿ, ಹಿಂದಿನ ಕೇಪಿನೊಳಗೆ ಇಳಿದರೆ ಸಿಡಿಯುವುದಿಲ್ಲ. 20 ಬೋರಿನ ತೋಟೆ ಮನೆಯಲ್ಲಿದ್ದರೆ 12ರ ಜೊತೆ ಬೆರೆಸಲೇಬೇಡಿ. ಅದು 12ರ ನಳಿಗೆಯಲ್ಲಿ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹಿಂದೆ ಖಾಲಿ ಕಾಣುತ್ತದೆ. ಆಮೇಲೆ ಇನ್ನೊಂದು ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ.

ಎಷ್ಟು ದಿನಕ್ಕೊಮ್ಮೆ? ಹೊಡೆದ ದಿನವೇ ಪೂರ್ತಿ ಕೆಲಸ. ಹೊಡೆಯದೆ ಮಳೆಯಲ್ಲಿ ಒಯ್ದು ತಂದರೂ ಅಂದೇ ಒರೆಸಿ ಎಣ್ಣೆ. ಪತ್ತನಾಜೆಯ ಹೊತ್ತಿಗೆ, ಮೊದಲ ಮಳೆಗೆ ಮುಂಚೆ, ಒಂದು ಸಲ ಎಲ್ಲ ಹೆಜ್ಜೆ. ಮಳೆ ಮುಗಿಯುವವರೆಗೆ ಎರಡು ವಾರಕ್ಕೊಮ್ಮೆ ಹೊರಗೆ ತೆಗೆದು ನೋಡಿ, ಒರೆಸಿ. ಬೇಸಗೆಯಲ್ಲಿ ತಿಂಗಳಿಗೊಮ್ಮೆ ಸಾಕು. ಕುಂಬಳೆ, ಮಂಜೇಶ್ವರದ ಕಡಲ ಬದಿಯವರಿಗೆ ಬೇಸಗೆಯಲ್ಲೂ ಎರಡು ವಾರವೇ ಲೆಕ್ಕ, ಗಾಳಿಯಲ್ಲಿ ಉಪ್ಪಿದೆ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಬೇಕಾಗಿ ಬರುತ್ತದೆ. ಒಪ್ಪಿಸುವ ಹಿಂದಿನ ದಿನ ಎಂದಿಗಿಂತ ದಪ್ಪಗೆ ಎಣ್ಣೆ ಹಚ್ಚಿ. ಅಲ್ಲಿ ವಾರ ವಾರ ಒರೆಸುವವರು ಯಾರೂ ಇರುವುದಿಲ್ಲ. ವಾಪಸು ತಂದ ದಿನ ಮೊದಲ ಕೆಲಸ 3ನೇ ಹೆಜ್ಜೆ.

ತೋಟಕ್ಕೆ ಒಯ್ಯುವ ಮುಂಚೆ ಒಣ ಬಟ್ಟೆ ಒಂದು ಸಲ ಹಾಕಿ ನಳಿಗೆಯೊಳಗಿನ ಎಣ್ಣೆ ತೆಗೆಯಿರಿ, ಮತ್ತೆ ಬೆಳಕಿಗೆ ಹಿಡಿದು ನೋಡಿ. ಹಾಕಿದ ಬಟ್ಟೆ ತುಂಡು ಎಷ್ಟು, ಹೊರಬಂದದ್ದು ಎಷ್ಟು, ಎಣಿಸಿ. ಕೆಲಸ ಮುಗಿದ ಮೇಲೆ ಕೊಳೆ ಬಟ್ಟೆಗಳಲ್ಲಿ ಸೀಸ ಇರುತ್ತದೆ, ಒಲೆಗೆ ಹಾಕಬೇಡಿ, ಮಕ್ಕಳ ಕೈಗೆ ಸಿಗದಂತೆ ಕಟ್ಟಿ ಬೇರೆ ಇಡಿ. ಕೈಯನ್ನು ಉಗುರಿನ ಸಂದಿಯವರೆಗೆ ಸೋಪು ಹಾಕಿ ಎರಡು ಸಲ ತೊಳೆದ ಮೇಲೆ ಚಹಾ ಕುಡಿಯಿರಿ.